ಬಾಂಬ್ ಬಿದ್ದ ಚರ್ಚಿಗೆ ದುಡ್ಡು ಸಿಗುತ್ತೆ, ಮಳೆ ಸೋರೋ ಚರ್ಚಿಗೆ?

(1/8)

ಮೊದಲನೇ ಫೋಟೋ ಸ್ವಲ್ಪ ಝೂಮ್ ಮಾಡಿ. ಎರಡು ದಪ್ಪ ಗೋಪುರ, ಮಧ್ಯೆ ಅಗಲವಾದ ಮೆಟ್ಟಿಲು, ಮೂಲೆಯಲ್ಲಿ ಮೇಲಿಂದ ಕೆಳಕ್ಕೆ ಇಳಿಯೋ ಉದ್ದನೆಯ ಬೋರ್ಡು. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿರೋ 16ನೇ ಬೀದಿ ಬ್ಯಾಪ್ಟಿಸ್ಟ್ ಚರ್ಚು ಇದು. ಇದರ ಹೆಸರು ಕೇಳಿದ ತಕ್ಷಣ ಎಲ್ಲರೂ 1963ರ ಬಾಂಬಿನ ಕಥೆಗೆ ಹೋಗ್ತಾರೆ. ಆ ಕಥೆ ಬರುತ್ತೆ, ಆದ್ರೆ ನಾನು ಬರೀತಿರೋದು ದುಡ್ಡಿನ ಬಗ್ಗೆ. ನೂರು ವರ್ಷ ದಾಟಿದ ಒಂದು ಚರ್ಚನ್ನ ನಿಲ್ಲಿಸಿಕೊಳ್ಳೋಕೆ ಯಾರು ಖರ್ಚು ಮಾಡ್ಬೇಕು?

ಹೋದ ವಾರ ಸ್ಟೋರಿ ಹಾಕಿದಾಗ ನಿಮ್ಮಲ್ಲಿ ಎಷ್ಟೋ ಜನ ಒಂದೇ ಪ್ರಶ್ನೆ ಕಳಿಸಿದ್ರಿ: "ಚರ್ಚು ಅವರದ್ದು, ಪ್ರಾರ್ಥನೆ ಅವರದ್ದು, ಸರ್ಕಾರ ಯಾಕೆ ದುಡ್ಡು ಕೊಡ್ಬೇಕು?" ಪ್ರಶ್ನೆ ಸರಿಯಾಗೇ ಇದೆ. ನನ್ನ ಉತ್ತರ ಮೊದಲೇ ಹೇಳ್ಬಿಡ್ತೀನಿ: ಕೊಡ್ಬೇಕು. ಆದ್ರೆ ಈಗ ಆ ದುಡ್ಡು ಹರಿಯೋ ದಾರಿ ಇದೆಯಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಯಾಕೆ ಅಂತ ನಿಧಾನಕ್ಕೆ ಹೇಳ್ತೀನಿ. ಸ್ವೈಪ್ ಮಾಡ್ತಾ ಬನ್ನಿ, ಉದ್ದ ಇದೆ.

(2/8)

ಬರ್ಮಿಂಗ್‌ಹ್ಯಾಮ್ ಊರು ಹುಟ್ಟಿದ್ದು 1871ರಲ್ಲಿ. ಎರಡೇ ವರ್ಷಕ್ಕೆ, 1873ರಲ್ಲಿ, ಅಲ್ಲಿನ ಕಪ್ಪು ಜನ ತಮ್ಮದೇ ಬ್ಯಾಪ್ಟಿಸ್ಟ್ ಸಭೆ ಕಟ್ಟಿಕೊಂಡ್ರು. ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದು ಆಗಿನ್ನೂ ಎಂಟು ವರ್ಷ. ಮೊದಲಿದ್ದ ಕಟ್ಟಡವನ್ನ 1908ರಲ್ಲಿ ನಗರಾಡಳಿತ "ಇದು ಸರಿಯಿಲ್ಲ, ಕೆಡವಿ" ಅಂತ ಆದೇಶ ಮಾಡಿತು. ಸಭೆಯವರು ಕೆಡವಿ, 1911ರ ಹೊತ್ತಿಗೆ ಈಗ ಫೋಟೋದಲ್ಲಿರೋ ಕಟ್ಟಡ ಎಬ್ಬಿಸಿದ್ರು. ಖರ್ಚು 26,000 ಡಾಲರ್. ನಕ್ಷೆ ಹಾಕಿದವರು ವಾಲೇಸ್ ರೇಫೀಲ್ಡ್, ಕಪ್ಪು ವಾಸ್ತುಶಿಲ್ಪಿ. ಕಟ್ಟಿದ ಗುತ್ತಿಗೆದಾರ ಟಿ. ಸಿ. ವಿಂಡಮ್, ಅದೇ ಸಭೆಯ ಸದಸ್ಯರು. ನಕ್ಷೆ ನಮ್ಮದು, ಕೈ ನಮ್ಮದು, ಕಾಸೂ ನಮ್ಮದು ಅನ್ನೋ ಲೆಕ್ಕ.

(ರೇಫೀಲ್ಡ್ ಬಗ್ಗೆ ಒಂದು ಸಣ್ಣ ವಿಷಯ. ಅವರ ಕಟ್ಟಡಗಳ ನೂರಾರು ಮುದ್ರಣದ ಅಚ್ಚುಗಳು 1990ರ ದಶಕದಲ್ಲಿ ಅಲಬಾಮಾದ ಒಂದು ಹಳೇ ಕೊಟ್ಟಿಗೆಯಲ್ಲಿ ಸಿಕ್ಕವು. ಅಷ್ಟು ದೊಡ್ಡ ಕೆಲಸ ಮಾಡಿದವರ ದಾಖಲೆ ಇದ್ದದ್ದು ಕೊಟ್ಟಿಗೆಯಲ್ಲಿ!)

ಆ ಕಟ್ಟಡ ಬರೀ ಭಾನುವಾರದ ಪ್ರಾರ್ಥನೆಗೆ ಅಂತ ಇರಲಿಲ್ಲ. ಊರಿನ ಸಭಾಂಗಣಗಳು ಕಪ್ಪು ಜನರಿಗೆ ಬಾಗಿಲು ಮುಚ್ಚಿದ್ದ ಕಾಲ ಅದು. ಹಾಗಾಗಿ ಸಭೆ, ಭಾಷಣ, ಸಂಗೀತ ಎಲ್ಲ ಇಲ್ಲೇ. ಡಬ್ಲ್ಯೂ. ಇ. ಬಿ. ಡುಬೋಯ್ಸ್ ಇಲ್ಲಿ ಮಾತಾಡಿದ್ದಾರೆ, ಪಾಲ್ ರೋಬ್ಸನ್ ಬಂದಿದ್ದಾರೆ. 1963ರ ಮೇ 2ರಂದು ಶಾಲೆ ಮಕ್ಕಳು ಸಾಲುಸಾಲಾಗಿ ಮೆರವಣಿಗೆ ಹೊರಟಿದ್ದು ಇದೇ ಬಾಗಿಲಿಂದ. ಎದುರಿನ ಕೆಲ್ಲಿ ಇಂಗ್ರಾಮ್ ಪಾರ್ಕಿನಲ್ಲಿ ಮರುದಿನ ಅವರ ಮೇಲೆ ಪೊಲೀಸ್ ನಾಯಿ ಬಿಟ್ಟರು, ಬೆಂಕಿ ಆರಿಸೋ ಪೈಪಿನಿಂದ ನೀರು ಹಾಯಿಸಿದರು. ನಿಮ್ಮ ವಯಸ್ಸಿನವರು, ನಿಮಗಿಂತ ಚಿಕ್ಕವರು.

ಇದನ್ನ ಯಾಕೆ ಹೇಳಿದೆ ಅಂದ್ರೆ, "ಚರ್ಚು ಅವರದ್ದು" ಅನ್ನೋ ಮಾತು ಈ ಕಟ್ಟಡದ ವಿಷಯದಲ್ಲಿ ಅರ್ಧ ಮಾತ್ರ ನಿಜ. ಊರು ಮಾಡಬೇಕಿದ್ದ ಕೆಲಸವನ್ನ ಅದು ಮಾಡಿತ್ತು. ಊರು ಆ ಬಾಡಿಗೆ ಯಾವತ್ತೂ ಕೊಟ್ಟಿರಲಿಲ್ಲ.

(3/8)

1963ರ ಸೆಪ್ಟೆಂಬರ್ 15, ಭಾನುವಾರ ಬೆಳಿಗ್ಗೆ 10 ಗಂಟೆ 22 ನಿಮಿಷ. ಕು ಕ್ಲಕ್ಸ್ ಕ್ಲಾನ್‌ನವರು ಮೆಟ್ಟಿಲ ಕೆಳಗೆ ಇಟ್ಟಿದ್ದ ಡೈನಮೈಟ್ ಸಿಡಿಯಿತು. ನೆಲಮಾಳಿಗೆಯ ಕೋಣೆಯಲ್ಲಿದ್ದ ನಾಲ್ಕು ಹುಡುಗಿಯರು ಸತ್ತರು: ಆಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರೋಲ್ ರಾಬರ್ಟ್‌ಸನ್, ಮೂವರಿಗೂ 14 ವರ್ಷ. ಡೆನಿಸ್ ಮೆಕ್‌ನೇರ್, 11 ವರ್ಷ. ಆಡಿ ಮೇಯ ತಂಗಿ ಸಾರಾ, 12 ವರ್ಷ, ಅದೇ ಕೋಣೆಯಲ್ಲಿದ್ದಳು. ಬದುಕಿದಳು, ಬಲಗಣ್ಣು ಹೋಯಿತು.

ಅಪರಾಧಿಗಳಿಗೆ ಶಿಕ್ಷೆ ಆಗಿದ್ದು ಯಾವಾಗ ಗೊತ್ತಾ? ಒಬ್ಬನಿಗೆ 1977ರಲ್ಲಿ, ಇನ್ನೊಬ್ಬನಿಗೆ 2001ರಲ್ಲಿ, ಮತ್ತೊಬ್ಬನಿಗೆ 2002ರಲ್ಲಿ. ನಾಲ್ಕನೆಯವನು ಕೇಸೇ ಇಲ್ಲದೆ ಸತ್ತ.

ಆದ್ರೆ ಕಟ್ಟಡ ರಿಪೇರಿ? ಅದು ಬೇಗ ಆಯಿತು. ಕೇಳದೇನೇ ಜಗತ್ತಿನ ಮೂಲೆಮೂಲೆಯಿಂದ ದುಡ್ಡು ಬಂತು, ಒಟ್ಟು 3 ಲಕ್ಷ ಡಾಲರ್‌ಗೂ ಮೇಲೆ. 1964ರ ಜೂನ್ 7ಕ್ಕೆ ಚರ್ಚು ಮತ್ತೆ ಬಾಗಿಲು ತೆರೆಯಿತು. ಒಂಬತ್ತು ತಿಂಗಳೂ ಪೂರ್ತಿ ಆಗಿರಲಿಲ್ಲ.

ಇಲ್ಲೇ ನನಗೆ ಮೊದಲನೇ ಸಲ ಕಸಿವಿಸಿ ಆಗೋದು. ಇಟ್ಟಿಗೆಗೆ ದುಡ್ಡು ಒಟ್ಟು ಮಾಡೋದು ಸುಲಭ. ಸಾರಾ ಕಾಲಿನ್ಸ್ ರುಡಾಲ್ಫ್ ಅವರಿಗೆ ಅಲಬಾಮಾದ ಗವರ್ನರ್ ಕ್ಷಮೆ ಕೇಳಿ ಪತ್ರ ಬರೆದದ್ದು 2020ರಲ್ಲಿ, ಅಂದ್ರೆ 57 ವರ್ಷ ಆದಮೇಲೆ. ಪರಿಹಾರದ ಮಾತು ಬಂದಾಗ ಅದು ಶಾಸನಸಭೆಯ ಜೊತೆ ಚರ್ಚೆ ಆಗಬೇಕಾದ ವಿಷಯ ಅಂತ ಹೇಳಿದರು. ಜೀರ್ಣೋದ್ಧಾರ ಅನ್ನೋ ಪದ ನಾವು ಕಲ್ಲಿಗೆ, ಗೋಪುರಕ್ಕೆ ಬಳಸ್ತೀವಿ. ಮನುಷ್ಯರಿಗೆ ಆ ಪದ ಯಾಕೋ ಹೊಂದಿಕೊಂಡೇ ಇಲ್ಲ.

(4/8)

ನಾಲ್ಕನೇ ಫೋಟೋ ಈ ಸರಣಿಯಲ್ಲಿ ನನಗೆ ತುಂಬಾ ಇಷ್ಟ ಆದದ್ದು. ಬಣ್ಣದ ಗಾಜಿನ ಕಿಟಕಿ. ಕೈ ಅಗಲಿಸಿ ನಿಂತ ಕಪ್ಪು ಕ್ರಿಸ್ತ, ತಲೆಯ ಮೇಲೆ ಕಾಮನಬಿಲ್ಲು. ಒಂದು ಕೈ ದ್ವೇಷವನ್ನ ತಳ್ತಿದೆ, ಇನ್ನೊಂದು ಕ್ಷಮೆಯನ್ನ ಚಾಚಿದೆ ಅಂತ ವಿವರಿಸ್ತಾರೆ.

ಇದನ್ನ ಮಾಡಿದವರು ಜಾನ್ ಪೆಟ್ಸ್, ವೇಲ್ಸ್‌ನ ಲ್ಯಾನ್‌ಸ್ಟೆಫನ್ ಅನ್ನೋ ಹಳ್ಳಿಯಲ್ಲಿದ್ದ ಕಲಾವಿದ. ಬಾಂಬ್ ಸುದ್ದಿ ರೇಡಿಯೋದಲ್ಲಿ ಕೇಳಿದ್ರು. ನನ್ನ ಕೈಲಿ ಆಗೋದು ಕಿಟಕಿ ಮಾಡೋದು, ಅದನ್ನೇ ಮಾಡ್ತೀನಿ ಅಂತ ಹೊರಟ್ರು. ಕಾರ್ಡಿಫ್‌ನ 'ವೆಸ್ಟರ್ನ್ ಮೇಲ್' ಪತ್ರಿಕೆಯ ಸಂಪಾದಕ ಡೇವಿಡ್ ಕೋಲ್ ನಿಧಿ ಶುರು ಮಾಡಿದ್ರು. ಆದ್ರೆ ಅದಕ್ಕೊಂದು ಷರತ್ತು ಹಾಕಿದ್ರು: ಯಾರೂ ಅರ್ಧ ಕ್ರೌನ್‌ಗಿಂತ ಹೆಚ್ಚು ಕೊಡೋ ಹಾಗಿಲ್ಲ. ಅರ್ಧ ಕ್ರೌನ್ ಅಂದ್ರೆ ಒಂದು ಪೌಂಡಿನ ಎಂಟನೇ ಒಂದು ಭಾಗ. ಯಾರೋ ಒಬ್ಬ ಶ್ರೀಮಂತ ಪೂರ್ತಿ ಚೆಕ್ ಬರೆದು, ಕಿಟಕಿ ಕೆಳಗೆ ತನ್ನ ಹೆಸರು ಕೆತ್ತಿಸಿಕೊಳ್ಳಬಾರದು ಅನ್ನೋದು ಉದ್ದೇಶ. ಕಿಟಕಿ ವೇಲ್ಸ್‌ನ ಜನರದ್ದಾಗಿರಬೇಕು. 1965ರಲ್ಲಿ ಅದು ಬರ್ಮಿಂಗ್‌ಹ್ಯಾಮ್‌ಗೆ ಬಂತು, ಈಗಲೂ ಇದೆ.

ನಮ್ಮೂರ ಕಡೆ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಬರೋರು ನೆನಪಾದ್ರಾ? ಅಲ್ಲೂ ಹತ್ತು ರೂಪಾಯಿ ಕೊಟ್ಟೋರು ಇರ್ತಾರೆ, ಆದ್ರೆ ಗೋಡೆಮೇಲೆ ಗ್ರಾನೈಟಲ್ಲಿ ಬರೋದು ಲಕ್ಷ ಕೊಟ್ಟೋರ ಹೆಸರು. ವೇಲ್ಸ್‌ನವರು ಆ ಗ್ರಾನೈಟ್ ಕಲ್ಲನ್ನೇ ಮೊದಲು ಕಿತ್ತು ಹಾಕಿದ್ರು. ದೇಣಿಗೆಗೆ ಕನಿಷ್ಠ ಮೊತ್ತ ಇಡೋದು ಎಲ್ಲರಿಗೂ ಗೊತ್ತು. ಗರಿಷ್ಠ ಮೊತ್ತ ಇಟ್ಟಿದ್ದನ್ನ ನಾನಂತೂ ಬೇರೆಲ್ಲೂ ನೋಡಿಲ್ಲ.

(5/8)

ಈಗ ಸಪ್ಪೆ ಭಾಗ. ಸಪ್ಪೆ ಅಂತ ಸ್ಕಿಪ್ ಮಾಡ್ಬೇಡಿ, ಪ್ರಾಣ ಇರೋದೇ ಇಲ್ಲಿ.

ಬಾಂಬಿನ ಗಾಯ ಒಂಬತ್ತು ತಿಂಗಳಲ್ಲಿ ವಾಸಿ ಆಯಿತು. ಆಮೇಲೆ ಆ ಕಟ್ಟಡವನ್ನ ತಿನ್ನೋಕೆ ಶುರು ಮಾಡಿದ್ದು ನೀರು. ನೆಲಮಾಳಿಗೆಗೆ ನೀರು ನುಗ್ಗೋದು, ಗೋಡೆಗೆ ತೇವ ಏರೋದು, ಇಟ್ಟಿಗೆ ಸಂದಿನ ಗಾರೆ ಉದುರೋದು. ಇದಕ್ಕೆ ಯಾರೂ ರೇಡಿಯೋದಲ್ಲಿ ಸುದ್ದಿ ಓದಲ್ಲ. 2000ದ ದಶಕದಲ್ಲಿ ಸಭೆಯವರು ದೊಡ್ಡ ನಿಧಿ ಸಂಗ್ರಹಕ್ಕೆ ಇಳಿಯಬೇಕಾಯಿತು. 2006ರಲ್ಲಿ ಈ ಚರ್ಚನ್ನ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಅಂತ ಘೋಷಿಸಿದರು. ಕೇಳೋಕೆ ಭಾರಿ ಅನ್ಸುತ್ತೆ. ಆದ್ರೆ ಆ ಬಿರುದಿನ ಜೊತೆ ದುಡ್ಡು ತಾನಾಗಿ ಬರಲ್ಲ. ಬರೋದು ಹಿತ್ತಾಳೆ ಫಲಕ, ಮತ್ತೆ ಅರ್ಜಿ ಹಾಕೋ ಅರ್ಹತೆ.

ಇನ್ನೊಂದು ಗಮ್ಮತ್ತು. ಹಳೇ ಕಟ್ಟಡ ಜೀರ್ಣೋದ್ಧಾರ ಮಾಡಿದರೆ ಖರ್ಚಿನ 20% ಅನ್ನ ತೆರಿಗೆಯಲ್ಲಿ ಬಿಡೋ ಯೋಜನೆ ಅಮೆರಿಕದಲ್ಲಿದೆ. ಹಳೇ ಗೋದಾಮನ್ನ ಫ್ಲ್ಯಾಟ್ ಮಾಡೋ ಬಿಲ್ಡರ್‌ಗೆ ಅದು ಹಬ್ಬ. ಆದ್ರೆ ಅದು ಆದಾಯ ತರೋ ಕಟ್ಟಡಕ್ಕೆ ಮಾತ್ರ. ಚರ್ಚಿಗೆ ಆದಾಯ ತೆರಿಗೆಯೇ ಇಲ್ಲ, ಅಂದಮೇಲೆ ಬಿಡೋದು ಏನನ್ನ? ಹಾಗಾಗಿ ಅದೇ ಬೀದಿಯ ಹಳೇ ಹೋಟೆಲ್ ಥಳಥಳ ಅನ್ನುತ್ತೆ, ಪಕ್ಕದ ಚರ್ಚಿನ ಛಾವಣಿ ಮೇಲೆ ಟಾರ್ಪಾಲು.

ಕೊನೆಗೆ ಉಳಿಯೋದು ನೇರ ಅನುದಾನ. ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್, ನಾಗರಿಕ ಹಕ್ಕು ಹೋರಾಟದ ತಾಣಗಳಿಗೆ ಅಂತಲೇ ಒಂದು ಅನುದಾನ ಯೋಜನೆಯನ್ನ 2016ರಲ್ಲಿ ಶುರು ಮಾಡಿತು. ಅದರಿಂದ ಈ ಚರ್ಚಿಗೆ 5 ಲಕ್ಷ ಡಾಲರ್ ಸಿಕ್ಕಿತು. 2017ರ ಜನವರಿಯಲ್ಲಿ ಒಬಾಮಾ ಅಧಿಕಾರ ಬಿಡೋ ಮುಂಚೆ ಈ ಪ್ರದೇಶವನ್ನೇ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದರು.

(6/8)

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಂಬದವನ ದುಡ್ಡಲ್ಲಿ ನಂಬುವವನ ಛಾವಣಿ ಯಾಕೆ?

ಒಂದು ಸುಲಭದ ಉತ್ತರ ಇದೆ: ಆ ಅನುದಾನದ ಮೂಲ ಐತಿಹಾಸಿಕ ಸಂರಕ್ಷಣಾ ನಿಧಿ, ಅದಕ್ಕೆ ದುಡ್ಡು ಬರೋದು ಸಮುದ್ರದಲ್ಲಿ ತೈಲ, ಅನಿಲ ತೆಗೆಯೋ ಕಂಪನಿಗಳು ಕಟ್ಟೋ ಗುತ್ತಿಗೆ ಹಣದಿಂದ, ನೇರವಾಗಿ ಜನರ ತೆರಿಗೆಯಿಂದಲ್ಲ. ಈ ಉತ್ತರ ನನಗೆ ಇಷ್ಟ ಇಲ್ಲ. ಸಮುದ್ರವೂ ಎಲ್ಲರದ್ದೇ ಅಲ್ವಾ? ಜೇಬು ಬದಲಾಯಿಸಿದ ಮಾತ್ರಕ್ಕೆ ದುಡ್ಡು ಖಾಸಗಿ ಆಗಲ್ಲ.

ನ್ಯಾಯಾಲಯಗಳೂ ಇದರ ಮೇಲೆ ಜಗಳ ಆಡಿವೆ. ನ್ಯೂಜೆರ್ಸಿಯ ಮಾರಿಸ್ ಕೌಂಟಿ 2012ರಿಂದ 2015ರವರೆಗೆ 12 ಚರ್ಚುಗಳಿಗೆ ಒಟ್ಟು 46 ಲಕ್ಷ ಡಾಲರ್ ಸಂರಕ್ಷಣಾ ಅನುದಾನ ಕೊಟ್ಟಿತ್ತು. 2018ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು: ನಮ್ಮ ಸಂವಿಧಾನದ ಪ್ರಕಾರ ಇದು ತಪ್ಪು, ಪೂಜಾಸ್ಥಳ ರಿಪೇರಿಗೆ ಸಾರ್ವಜನಿಕರ ಹಣ ಹೋಗಬಾರದು. ಕೇಸು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿಗೆ ಹೋದಾಗ 2019ರಲ್ಲಿ ಅವರು ವಿಚಾರಣೆಗೇ ತಗೊಳ್ಳಲಿಲ್ಲ. ಆದ್ರೆ ನ್ಯಾಯಮೂರ್ತಿ ಕವನಾ ಪ್ರತ್ಯೇಕವಾಗಿ ಬರೆದು, ಧಾರ್ಮಿಕ ಕಟ್ಟಡ ಅನ್ನೋ ಒಂದೇ ಕಾರಣಕ್ಕೆ ಹೊರಗಿಡೋದು ತಾರತಮ್ಯ ಅನ್ನೋ ಅರ್ಥದ ಅಭಿಪ್ರಾಯ ಕೊಟ್ಟರು.

ಕೇಂದ್ರ ಸರ್ಕಾರದ ದಾರಿ ಬೇರೆ. ಅಲ್ಲೂ ಮೊದಲು, ಪ್ರಾರ್ಥನೆ ನಡೀತಿರೋ ಚರ್ಚಿಗೆ ದೊಡ್ಡ ಸಂರಕ್ಷಣಾ ಅನುದಾನ ಕೊಡ್ತಿರಲಿಲ್ಲ. 2003ರಲ್ಲಿ ಆ ನೀತಿ ಬದಲಾಗಿ ಬಾಸ್ಟನ್ನಿನ ಓಲ್ಡ್ ನಾರ್ತ್ ಚರ್ಚಿಗೆ 3,17,000 ಡಾಲರ್ ಕೊಟ್ಟರು. ಸ್ವಾತಂತ್ರ್ಯ ಯುದ್ಧದ ಕಥೆಯಲ್ಲಿ ಲಾಂದ್ರ ತೋರಿಸಿದ ಆ ಗೋಪುರ. ಬಾಗಿಲು ತೆರೆಯೋಕೆ ಯಾವ ಕಥೆಯನ್ನ ಆರಿಸಿಕೊಂಡರು ಅನ್ನೋದನ್ನ ಸುಮ್ನೆ ಗಮನಿಸಿ.

ನನ್ನ ನಿಲುವು ಇಷ್ಟು. ಹೊರಗಿನ ಕವಚಕ್ಕೆ ಸಾರ್ವಜನಿಕ ದುಡ್ಡು ಇರಲಿ: ಅಡಿಪಾಯ, ಗೋಡೆ, ಛಾವಣಿ, ನೀರು ಹೋಗೋ ದಾರಿ. ಒಳಗಿನ ಪೀಠ, ಬೈಬಲ್ಲು, ಪಾದ್ರಿಗಳ ಸಂಬಳ, ಅದು ಸಭೆಯದ್ದೇ ಜವಾಬ್ದಾರಿ. "ಛಾವಣಿ ಕೆಳಗೇ ಅಲ್ವಾ ಪೀಠ ಇರೋದು?" ಅಂತ ಕೇಳ್ತೀರಿ. ಹೌದು, ಗೆರೆ ನೇರವಾಗಿ ಬರಲ್ಲ. ಅದಕ್ಕೇ ಬದಲಿಗೆ ಏನಾದ್ರೂ ಕೇಳ್ಬೇಕು. ಇಂಥ ಅನುದಾನ ತಗೊಂಡವರು ಕಟ್ಟಡದ ಮೂಲರೂಪ ಕೆಡಿಸಲ್ಲ ಅಂತ ಆಸ್ತಿ ದಾಖಲೆಯಲ್ಲೇ ಬರೆದುಕೊಡೋ ಪದ್ಧತಿ ಅಲ್ಲಿ ಇದೆ. ಅದರ ಜೊತೆ, ಎಲ್ಲರ ದುಡ್ಡು ತಗೊಂಡ ಮನೆ ವಾರದಲ್ಲಿ ಇಷ್ಟು ದಿನ ಎಲ್ಲರಿಗೂ ತೆರೆದಿರಬೇಕು ಅನ್ನೋದನ್ನೂ ಬರೆಸಿಕೊಂಡರೆ ನನಗೆ ಸಮಾಧಾನ. ಹಳೇ ಪೂಜಾಸ್ಥಳಗಳ ಬಗ್ಗೆ ಕೆಲಸ ಮಾಡೋ ಫಿಲಡೆಲ್ಫಿಯಾದ ಪಾರ್ಟ್‌ನರ್ಸ್ ಫಾರ್ ಸೇಕ್ರೆಡ್ ಪ್ಲೇಸಸ್ ಸಂಸ್ಥೆ, ಮೂರು ನಗರಗಳ 90 ಸಭೆಗಳನ್ನ ನೋಡಿ ಮಾಡಿದ ಅಧ್ಯಯನದಲ್ಲಿ ಹೇಳಿದ್ದು: ಅಲ್ಲಿನ ಸಮುದಾಯ ಕಾರ್ಯಕ್ರಮಗಳಿಂದ ಉಪಯೋಗ ಪಡೆಯೋರಲ್ಲಿ 87% ಜನ ಆ ಸಭೆಯ ಸದಸ್ಯರೇ ಅಲ್ಲ. ಮಕ್ಕಳ ಆರೈಕೆ, ಊಟ, ಟ್ಯೂಷನ್, ಇಂಥವು. ಆ 87% ಜನರ ಛಾವಣಿ ಅಂತ ನೋಡಿದರೆ ಲೆಕ್ಕ ಬೇರೆ ಆಗುತ್ತೆ.

(7/8)

"ಮರುಅಭಿವೃದ್ಧಿ" ಅನ್ನೋ ಪದದ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕದಲ್ಲಿ ಹಳೇ ಚರ್ಚುಗಳು ಈಗ ನಗರದ ಮರುಅಭಿವೃದ್ಧಿ ನಿಧಿಯ ಬಾಗಿಲನ್ನೂ ತಟ್ಟುತ್ತವೆ. ತಟ್ಟಲಿ. ಆದ್ರೆ 1949ರ ವಸತಿ ಕಾಯ್ದೆಯ ನಂತರ ಅದೇ ಹೆಸರಿನ ದುಡ್ಡು ಎಷ್ಟೋ ಊರಿನ ಕಪ್ಪು ಕೇರಿಗಳ ಮೇಲೆ ಬುಲ್ಡೋಜರ್ ಓಡಿಸಿತ್ತು.

ಅದಕ್ಕಿಂತ ವಿಚಿತ್ರ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್. ಅಲ್ಲಿನ ಫಸ್ಟ್ ಬ್ಯಾಪ್ಟಿಸ್ಟ್ ಸಭೆ ತನ್ನ ಹುಟ್ಟನ್ನ 1776ಕ್ಕೆ ಒಯ್ಯುತ್ತೆ, ಗುಲಾಮರೂ ಸ್ವತಂತ್ರರೂ ಆಗಿದ್ದ ಕಪ್ಪು ಜನ ಗುಟ್ಟಾಗಿ ಸೇರಿ ಕಟ್ಟಿದ್ದು. ಅವರ 1856ರ ಇಟ್ಟಿಗೆ ಚರ್ಚು ನಸಾವ್ ಬೀದಿಯಲ್ಲಿತ್ತು. ಊರನ್ನ 18ನೇ ಶತಮಾನದ ಹಾಗೆ "ಜೀರ್ಣೋದ್ಧಾರ" ಮಾಡ್ತಿದ್ದ ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಸಂಸ್ಥೆ ಆ ಜಾಗ ಕೊಂಡುಕೊಂಡಿತು. 1950ರ ದಶಕದ ಮಧ್ಯದಲ್ಲಿ ಚರ್ಚನ್ನ ಕೆಡವಿದರು. 1856 ಅಂದ್ರೆ 18ನೇ ಶತಮಾನ ಅಲ್ಲವಲ್ಲ, ಚಿತ್ರಕ್ಕೆ ಹೊಂದಲ್ಲ! ಆಮೇಲೆ ಅದರ ಮೇಲೆ ಪಾರ್ಕಿಂಗ್ ಜಾಗ ಮಾಡಿದರು. 2020ರಲ್ಲಿ ಟಾರು ಅಗೆದು ನೋಡಿದಾಗ ಕೆಳಗೆ ಹಳೇ ಚರ್ಚಿನ ಅಡಿಪಾಯ, ಮತ್ತೆ 60ಕ್ಕೂ ಹೆಚ್ಚು ಸಮಾಧಿ ಸಿಕ್ಕವು. ಅಷ್ಟು ವರ್ಷ ಪ್ರವಾಸಿಗರ ಕಾರು ನಿಂತಿದ್ದು ಯಾರದ್ದೋ ಅಜ್ಜಿ ತಾತನ ಮೇಲೆ.

ಆಗಿನ ಕೆಲಸವನ್ನ ಯಾರೂ ವಿನಾಶ ಅಂತ ಕರೆದಿರಲಿಲ್ಲ, ಪರಂಪರೆಯ ರಕ್ಷಣೆ ಅಂತಲೇ ಕರೀತಿದ್ದದ್ದು. ಹಾಗಾಗಿ "ಜೀರ್ಣೋದ್ಧಾರಕ್ಕೆ ಇಷ್ಟು ಕೋಟಿ" ಅನ್ನೋ ಸುದ್ದಿ ಓದಿದ ತಕ್ಷಣ ನಾನು ಲೈಕ್ ಒತ್ತಲ್ಲ. ಯಾವ ವರ್ಷದ ರೂಪಕ್ಕೆ ತರ್ತಿದ್ದಾರೆ, ಆ ವರ್ಷ ಯಾರು ಆರಿಸಿದ್ದು, ಸಭೆಯವರು ಆ ಮೇಜಿನ ಹತ್ತಿರ ಕೂತಿದ್ರಾ, ಇಷ್ಟನ್ನ ಮೊದಲು ನೋಡ್ತೀನಿ.

(8/8)

ಈಗ ಶುರುವಿನಲ್ಲಿ ಹೇಳಿದ ತಕರಾರು. 16ನೇ ಬೀದಿ ಚರ್ಚಿಗೆ ದುಡ್ಡು ಸಿಕ್ಕಿದ್ದು ನನಗೆ ಖುಷಿಯೇ. ಆದ್ರೆ ಅದರ ಅರ್ಜಿ ಗೆಲ್ಲಿಸಿದ್ದು ನಾಲ್ಕು ಮಕ್ಕಳ ಸಾವು. ಅದೇ ಊರಿನ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚು, ಫ್ರೆಡ್ ಶಟಲ್ಸ್‌ವರ್ತ್ ಅವರ ಚರ್ಚು, 1956, 1958, 1962, ಹೀಗೆ ಮೂರು ಸಲ ಬಾಂಬ್ ತಿಂದಿದೆ. ಅದೂ ಹೆಗ್ಗುರುತು, ಅದೂ ಸ್ಮಾರಕದ ಭಾಗ. ಸರಿ. ಹಾಗಾದ್ರೆ ಯಾರೂ ಬಾಂಬ್ ಇಡದ ಚರ್ಚು? ನೂರು ವರ್ಷ ಮದುವೆ ಮಾಡಿಸಿ, ಸತ್ತವರನ್ನ ಕಳಿಸಿಕೊಟ್ಟು, ಅಕ್ಷರ ಕಲಿಸಿ, ಸುಮ್ಮನೆ ಇದ್ದದ್ದು? ಅದು ಅರ್ಜಿಯಲ್ಲಿ "ಮಹತ್ವ" ಅನ್ನೋ ಕಾಲಂನಲ್ಲಿ ಏನು ಬರೀಬೇಕು?

ಸ್ವಲ್ಪ ದಾರಿ ಕಾಣ್ತಿದೆ. 2022ರ ಜನವರಿಯಲ್ಲಿ ಲಿಲ್ಲಿ ಎಂಡೋಮೆಂಟ್ ಅನ್ನೋ ಖಾಸಗಿ ದತ್ತಿ ಸಂಸ್ಥೆ 2 ಕೋಟಿ ಡಾಲರ್ ಕೊಟ್ಟಿತು, ಕಪ್ಪು ಜನರ ಚರ್ಚುಗಳಿಗೆ ಅಂತಲೇ. ನಡೆಸೋದು ಅಲ್ಲಿನ ನ್ಯಾಷನಲ್ ಟ್ರಸ್ಟ್. 2023ರ ಜನವರಿಯಲ್ಲಿ ಮೊದಲ ಕಂತಾಗಿ 35 ಚರ್ಚುಗಳಿಗೆ 40 ಲಕ್ಷ ಡಾಲರ್ ಹಂಚಿದರು, ಒಂದೊಂದಕ್ಕೆ 50 ಸಾವಿರದಿಂದ 2 ಲಕ್ಷ. ಒಂದು ಹಳೇ ಗಂಟೆಗೋಪುರಕ್ಕೆ ಇದು ದೊಡ್ಡ ಮೊತ್ತ ಏನಲ್ಲ. ಆದ್ರೆ ಒಂದು ಛಾವಣಿಯ ಸೋರಿಕೆ ಹತ್ತು ವರ್ಷ ಬಿಟ್ಟು ಗೋಡೆ ಬೀಳಿಸೋದಕ್ಕೆ ಮುಂಚೆ ನಿಲ್ಲಿಸೋಕೆ ಸಾಕು. ನನ್ನ ಕೇಳಿದರೆ ಸರ್ಕಾರದ ಅನುದಾನವೂ ಹೀಗೇ ಇರಬೇಕು: ಸಣ್ಣದು, ಬೇಗ ಸಿಗೋದು, ಅರ್ಜಿ ನಾಲ್ಕು ಪುಟ. ಹತ್ತು ಪ್ರಸಿದ್ಧ ಚರ್ಚಿಗೆ ಐದೈದು ಲಕ್ಷ ಕೊಡೋ ಬದಲು ನೂರು ಅಪ್ರಸಿದ್ಧ ಚರ್ಚಿಗೆ ಐವತ್ತೈವತ್ತು ಸಾವಿರ. ಅರ್ಜಿ ಬರೆಯೋಕೆ ಸಲಹೆಗಾರರನ್ನ ಇಡೋ ಶಕ್ತಿ ಇರೋ ಸಭೆಗೆ ಅನುದಾನದ ಅವಶ್ಯಕತೆ ಅರ್ಧ ಕಮ್ಮಿ ಅಂತಲೇ ನನ್ನ ಲೆಕ್ಕ.

ಫೋಟೋಗೆ ಚೆನ್ನಾಗಿ ಕಾಣಲ್ಲ ಅದು, ಗೊತ್ತು. ಹೊಸ ಮೋರಿ, ಹೊಸ ತಗಡು, ಗೋಡೆ ಸಂದಿಗೆ ಹೊಸ ಗಾರೆ. ನಾನೇ ಈ ಪೋಸ್ಟಿಗೆ ಹುಡುಕಿದಾಗ ಕಿಟಕಿಯ ಫೋಟೋ ರಾಶಿ ಸಿಕ್ಕವು, ಚರಂಡಿಯದ್ದು ಒಂದೂ ಸಿಗಲಿಲ್ಲ.

ಕಾಮೆಂಟಲ್ಲಿ ಹೇಳಿ: ನಿಮ್ಮ ಕೈಗೆ 2 ಲಕ್ಷ ಡಾಲರ್ ಕೊಟ್ಟು, ಒಂದು ಹೆಸರಾಂತ ಚರ್ಚಿನ ಗೋಪುರನಾ, ಇಲ್ಲ ನಾಲ್ಕು ಹೆಸರಿಲ್ಲದ ಚರ್ಚಿನ ಛಾವಣಿನಾ ಅಂದ್ರೆ ಯಾವುದು? "ಎರಡೂ" ಅನ್ನೋ ಉತ್ತರ ನಡೆಯಲ್ಲ. ನ್ಯೂಜೆರ್ಸಿ ಕೋರ್ಟಿನ ಪರ ಇರೋರೂ ಬನ್ನಿ, ವಾದ ಮಾಡೋಣ. ಅಲ್ಲಿನ ತೀರ್ಪಿನ ವಿವರ ಮುಂದಿನ ಸರಣಿಯಲ್ಲಿ ಹಾಕ್ತೀನಿ.

#ಜೀರ್ಣೋದ್ಧಾರ #ಬರ್ಮಿಂಗ್‌ಹ್ಯಾಮ್ #ಹಳೇಕಟ್ಟಡ #ಕನ್ನಡದಲ್ಲಿಓದಿ